ಕಪಾಟು ಹಿಗ್ಗಿಸಿದರೆ ಹಲಗೆಯೂ ದಪ್ಪವಾಗುತ್ತದೆಯೇ? ಸ್ಕೆಚ್‌ಅಪ್ ಡೈನಾಮಿಕ್ ಕಾಂಪೊನೆಂಟ್ ದೋಷ ನಿವಾರಣೆ

ಮೂರು ಆಯಾಮದ ಮಾದರಿ ಎಳೆಯುವ ತಂತ್ರಾಂಶವಾದ ಸ್ಕೆಚ್‌ಅಪ್‌ನಲ್ಲಿ 900 ಮಿ.ಮೀ. ಅಗಲದ ಪುಸ್ತಕದ ಕಪಾಟೊಂದನ್ನು ಡೈನಾಮಿಕ್ ಕಾಂಪೊನೆಂಟ್ (ಅಳತೆ ಬದಲಿಸಿದರೆ ಸೂತ್ರಗಳ ಪ್ರಕಾರ ತಾನಾಗಿ ಹೊಂದಿಕೊಳ್ಳುವ ಭಾಗ) ಆಗಿ ಮಾಡಿಟ್ಟಿದ್ದೀರಿ. ಅಗಲದ ಜಾಗದಲ್ಲಿ 1200 ಎಂದು ಬರೆದು ಎಂಟರ್ ಒತ್ತುತ್ತೀರಿ. ಕಪಾಟು ಅಗಲವಾಗುತ್ತದೆ, ಆದರೆ 18 ಮಿ.ಮೀ. ಇರಬೇಕಾದ ಪಕ್ಕದ ಹಲಗೆ 24 ಮಿ.ಮೀ. ಆಗಿರುತ್ತದೆ. ಇಲ್ಲವೇ ಬಲಗಡೆಯ ಹಲಗೆ ಕಪಾಟಿನ ನಡುವೆ ಬಂದು ನಿಂತಿರುತ್ತದೆ. ಇಲ್ಲವೇ ಎಲ್ಲವೂ ಸರಿಯಾಗಿ ಕಾಣುತ್ತದೆ, ಕಟಿಂಗ್ ಪಟ್ಟಿಯಲ್ಲಿ (ಕತ್ತರಿಸಬೇಕಾದ ಹಲಗೆಗಳ ಪಟ್ಟಿ) ಮಾತ್ರ ಒಂದು ಹಲಗೆ ಹೆಚ್ಚಿಗೆ ಇರುತ್ತದೆ. ಇವುಗಳಲ್ಲಿ ಹೆಚ್ಚು ದುಬಾರಿಯಾಗುವುದು ಮೂರನೆಯದು, ಏಕೆಂದರೆ ಅದು ಪರದೆಯ ಮೇಲೆ ಕಾಣುವುದೇ ಇಲ್ಲ.

ಇಂಥ ಹೊತ್ತಿನಲ್ಲಿ ಕೈ ತಾನಾಗಿ ಸೂತ್ರದತ್ತ ಹೋಗುತ್ತದೆ. ಒಂದು ಕಡೆ 18 ಕಳೆದು, ಇನ್ನೊಂದು ಕಡೆ 36 ಕೂಡಿಸಿ, ಕಣ್ಣಿಗೆ ಸರಿ ಕಾಣುವವರೆಗೆ ತಿದ್ದುತ್ತಾ ಹೋಗುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ಸೂತ್ರ ತಪ್ಪಿರುವ ಸಂದರ್ಭಗಳು ಕಡಿಮೆ. ಅದಕ್ಕೆ ಸಿಗುವ ಅಳತೆ ಯಾವ ಮಾನದಲ್ಲಿದೆ, ಯಾವ ಬಿಂದುವಿನಿಂದ ತೆಗೆದದ್ದು, ಯಾವ ಭಾಗಕ್ಕೆ ಸೇರಿದ್ದು ಎಂಬ ಮೂರರಲ್ಲಿ ಒಂದು ನೀವು ಅಂದುಕೊಂಡಂತೆ ಇರುವುದಿಲ್ಲ. ಸರಿಯಿದ್ದ ಸೂತ್ರವನ್ನು ತಪ್ಪು ಅಳತೆಗೆ ಹೊಂದಿಸಿಬಿಟ್ಟರೆ ಆ ಕಪಾಟು ಒಂದೇ ಒಂದು ಅಗಲಕ್ಕೆ ಸರಿಯಾಗಿರುತ್ತದೆ, ಮುಂದಿನ ಅಗಲಕ್ಕೆ ಮತ್ತೆ ಕೆಡುತ್ತದೆ. ಆದ್ದರಿಂದ ಮೊದಲು ತಪ್ಪಿದ ಅಂಕಿಯನ್ನು ಓದಿ. ದೋಷ ಎಲ್ಲಿದೆ ಎಂಬ ಸುಳಿವು ಬಹುಪಾಲು ಅದರಲ್ಲೇ ಇರುತ್ತದೆ.

ಉದಾಹರಣೆಗೆ ತೆಗೆದುಕೊಂಡ ಕಪಾಟು

ಹೊರ ಅಳತೆ: ಅಗಲ 900, ಆಳ 300, ಎತ್ತರ 1800 ಮಿ.ಮೀ. ಎಲ್ಲವೂ 18 ಮಿ.ಮೀ. ಪ್ಲೈವುಡ್. ಎಡ ಮತ್ತು ಬಲ ಪಕ್ಕದ ಹಲಗೆಗಳು ನೆಲದಿಂದ ತುದಿಯವರೆಗೆ ನಿಲ್ಲುತ್ತವೆ. ಅಡಿಹಲಗೆ, ಮೇಲ್ಹಲಗೆ ಮತ್ತು ನಾಲ್ಕು ಅಡ್ಡಹಲಗೆಗಳು ಅವೆರಡರ ನಡುವೆ ಕೂರುತ್ತವೆ. ಹಾಗಾಗಿ ನಡುವಿನ ಪ್ರತಿ ಹಲಗೆಯ ಉದ್ದ 900ರಿಂದ 36 ಕಳೆದರೆ 864.

ಸೂತ್ರಗಳನ್ನೂ ಹೆಸರುಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ತಂತ್ರಾಂಶದಲ್ಲಿ ಇವೆಲ್ಲವನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಖಾಲಿ ಜಾಗ ಬಿಡದೆ ಟೈಪ್ ಮಾಡಿ. ಲೆನ್‌ಎಕ್ಸ್, ಲೆನ್‌ವೈ, ಲೆನ್‌ಝಡ್ ಎಂದರೆ ಮೂರು ದಿಕ್ಕಿನ ಅಳತೆಗಳು. ಎಕ್ಸ್, ವೈ, ಝಡ್ ಎಂದಷ್ಟೇ ಇದ್ದರೆ ಅವು ಸ್ಥಾನಗಳು. ‘ಪೇರೆಂಟ್!’ ಎಂದು ಮುಂದೆ ಬಂದರೆ ಹೊರ ಕಾಂಪೊನೆಂಟಿನ ಗುಣವನ್ನು (ಅಟ್ರಿಬ್ಯೂಟ್) ಕೇಳುತ್ತಿದ್ದೇವೆ ಎಂದರ್ಥ. ದಪ್ಪ, ಎಣಿಕೆ, ಅಂತರ ಎಂಬುವು ನಾವೇ ಸೇರಿಸಿದ ಗುಣಗಳು.

ತಿದ್ದುಪಡಿಗೆ ಕೈ ಹಾಕುವ ಮುನ್ನ ಕೆಟ್ಟ ಕಾಂಪೊನೆಂಟ್ ಒಂದನ್ನೇ ಹೊಸ ಖಾಲಿ ಫೈಲಿಗೆ ನಕಲಿಸಿ ಅಲ್ಲಿ ನೋಡಿ. ಇಡೀ ಮನೆಯ ಮಾದರಿಯ ನಡುವೆ ದೋಷ ಹುಡುಕುವುದು ವ್ಯರ್ಥ ಶ್ರಮ. ಬಲಗುಂಡಿ ಒತ್ತಿದಾಗ ಬರುವ ಪಟ್ಟಿಯಲ್ಲಿ ‘ಡೈನಾಮಿಕ್ ಕಾಂಪೊನೆಂಟ್ಸ್’ ಎಂಬ ಸಾಲೇ ಇಲ್ಲದಿದ್ದರೆ ದೋಷ ಮಾದರಿಯಲ್ಲಿಲ್ಲ. ಎಕ್ಸ್‌ಟೆನ್ಷನ್ ಮ್ಯಾನೇಜರ್‌ನಲ್ಲಿ ಆ ಎಕ್ಸ್‌ಟೆನ್ಷನ್ ನಿಷ್ಕ್ರಿಯವಾಗಿದೆಯೇ ನೋಡಿ. ಸಾಲು ಇದ್ದರೆ ಅದರೊಳಗಿನ ‘ರಿಡ್ರಾ’ ಆಜ್ಞೆಯನ್ನು ಒಮ್ಮೆ ಕೊಡಿ. ಒಳಗಿನ ಭಾಗವನ್ನು ತಿದ್ದಿ ಹೊರಬಂದಾಗ ಲೆಕ್ಕ ಪ್ರತಿ ಬಾರಿಯೂ ತಾನಾಗಿ ಮರುಕಳಿಸುವುದಿಲ್ಲ. ರಿಡ್ರಾದಿಂದ ಸರಿಹೋದರೆ ಅಲ್ಲಿಗೆ ಮುಗಿಯಿತು. ಸರಿಹೋಗದಿದ್ದರೆ ಕಾಂಪೊನೆಂಟ್ ಅಟ್ರಿಬ್ಯೂಟ್ಸ್ ಕಿಟಕಿ ತೆರೆದು, ಅದರ ಮೇಲಿರುವ ಸೂತ್ರ ತೋರಿಸುವ ಗುಂಡಿಯನ್ನು ಒತ್ತಿ, ಒಮ್ಮೆ ಸೂತ್ರಗಳನ್ನೂ ಒಮ್ಮೆ ಮೌಲ್ಯಗಳನ್ನೂ ಅಕ್ಕಪಕ್ಕ ಓದಿಕೊಳ್ಳಿ. ಈ ಹಂತದಲ್ಲಿ ಓದುವುದಷ್ಟೇ, ಏನನ್ನೂ ಬದಲಿಸುವುದು ಬೇಡ.

18 ಇದ್ದದ್ದು 24 ಆಯಿತು

24ನ್ನು 18ರಿಂದ ಭಾಗಿಸಿ. 1200ನ್ನು 900ರಿಂದ ಭಾಗಿಸಿ. ಎರಡೂ ಒಂದೇ. ಅಂದರೆ ಪಕ್ಕದ ಹಲಗೆ ಯಾವ ಸೂತ್ರಕ್ಕೂ ಒಳಪಟ್ಟಿಲ್ಲ, ಹೊರ ಕಾಂಪೊನೆಂಟ್ ಹಿಗ್ಗಿದ ಅನುಪಾತದಲ್ಲೇ ತಾನೂ ಹಿಗ್ಗಿದೆ. ಸ್ಕೆಚ್‌ಅಪ್‌ನ ನಿಯಮ ಸರಳ: ಒಳಗಿನ ಭಾಗ ತನ್ನ ಅಳತೆಯನ್ನು ತಾನೇ ಹೇಳದಿದ್ದರೆ ಹೊರಗಿನದರ ಜೊತೆ ಹಿಗ್ಗುತ್ತದೆ, ಕುಗ್ಗುತ್ತದೆ. ಎಡಹಲಗೆಗೆ ಲೆನ್‌ಎಕ್ಸ್ ಎಂಬ ಗುಣ ಸೇರಿಸಿ, ಅದರಲ್ಲಿ ‘=ಪೇರೆಂಟ್!ದಪ್ಪ’ ಎಂದು ಬರೆದರೆ ಕಾಯಿಲೆ ವಾಸಿ.

ಇಲ್ಲಿ ಹಲವರು ಮುಗ್ಗರಿಸುವ ಒಂದು ಜಾಗವಿದೆ. ಲೆನ್‌ಎಕ್ಸ್ ಗುಣವನ್ನು ಸೇರಿಸಿದ ಕೂಡಲೇ ಅದರ ಮುಂದೆ ಈಗಿನ ಅಳತೆ ಮಸುಕು ಬಣ್ಣದಲ್ಲಿ ಬಂದು ಕೂರುತ್ತದೆ. ಅದನ್ನು ಕಂಡು ಅಳತೆ ಭದ್ರವಾಯಿತು ಎಂದುಕೊಳ್ಳುತ್ತೇವೆ. ಅದು ಈ ಕ್ಷಣದ ಅಳತೆಯ ವರದಿ ಮಾತ್ರ. ಮೌಲ್ಯವನ್ನೋ ಸೂತ್ರವನ್ನೋ ನೀವೇ ಟೈಪ್ ಮಾಡಿ ಎಂಟರ್ ಒತ್ತಿದರೆ ಮಾತ್ರ ಅದು ಆಜ್ಞೆಯಾಗುತ್ತದೆ.

ಇದೇ ಕಾರಣಕ್ಕೆ ಹೊರ ಕಾಂಪೊನೆಂಟಿನಲ್ಲಿ ಬಿಡಿ ಗೆರೆ, ಬಿಡಿ ಮುಖಗಳನ್ನು ಇಡಬಾರದು. ಬಿಡಿ ಜ್ಯಾಮಿತಿಗೆ ಸ್ವಂತ ಅಳತೆ ಹೇಳುವ ದಾರಿಯೇ ಇಲ್ಲ. ಹಿಂಬದಿಯ ತೆಳು ಹಲಗೆಯನ್ನು ಅವಸರದಲ್ಲಿ ಹೊರಪದರದಲ್ಲೇ ಎಳೆದುಬಿಟ್ಟಿದ್ದರೆ ಅದನ್ನೂ ಪ್ರತ್ಯೇಕ ಕಾಂಪೊನೆಂಟ್ ಮಾಡಿ. ಗ್ರೂಪ್ ಆಗಿದ್ದರೂ ಕೆಲಸ ನಡೆಯುತ್ತದೆ ಎಂಬುದು ನಿಜ, ಆದರೂ ಕಾಂಪೊನೆಂಟನ್ನೇ ಬಳಸಿ ಎಂಬುದು ನನ್ನ ಸಲಹೆ. ಮುಂದೆ ಹೆಸರು ಹಿಡಿದು ಕರೆಯುವಾಗ, ಪಟ್ಟಿ ತೆಗೆಯುವಾಗ ಅದರ ಪ್ರಯೋಜನ ತಿಳಿಯುತ್ತದೆ.

ಮಾನದ ಗೊಂದಲ

ಅಳತೆಗಳು ಅಡ್ಡಾದಿಡ್ಡಿಯಾಗಿ ಕೆಟ್ಟಿದ್ದರೆ ನಾನು ಮೊದಲು ಶಂಕಿಸುವುದು ಇದನ್ನೇ. ಅಮೆರಿಕದ ಕೊಲರಾಡೊದ ಬೌಲ್ಡರ್ ಊರಿನಲ್ಲಿ ಹುಟ್ಟಿ 2000ದಲ್ಲಿ ಬಿಡುಗಡೆಯಾದ ಸ್ಕೆಚ್‌ಅಪ್, ಒಳಗೊಳಗೆ ಎಲ್ಲ ಉದ್ದಗಳನ್ನೂ ಇಂಚಿನಲ್ಲೇ ಇಟ್ಟುಕೊಳ್ಳುತ್ತದೆ. ನಿಮ್ಮ ಪರದೆಯಲ್ಲಿ ಮಿಲಿಮೀಟರ್ ಕಾಣುವುದು ತೋರಿಕೆಯ ಅನುವಾದ ಅಷ್ಟೇ. ಗೂಗಲ್ ಒಡೆತನದ ಕಾಲದಲ್ಲಿ, 2008ರಲ್ಲಿ ಬಂದ ಏಳನೆಯ ಆವೃತ್ತಿಯಲ್ಲಿ ಡೈನಾಮಿಕ್ ಕಾಂಪೊನೆಂಟ್ ಸೇರಿತು. ಸೂತ್ರದಲ್ಲಿ ಬರೆದ ಬರಿಯ ಅಂಕಿಯನ್ನು ಓದಲು ಅದಕ್ಕೆ ಎರಡೇ ಮಾನಗಳು ಗೊತ್ತು: ಇಂಚು ಅಥವಾ ಸೆಂಟಿಮೀಟರ್. 2012ರಲ್ಲಿ ತಂತ್ರಾಂಶ ಟ್ರಿಂಬಲ್ ಕೈಗೆ ಹೋದ ಮೇಲೂ ಈ ನಡವಳಿಕೆ ಹಾಗೆಯೇ ಇದೆ. ಮಾದರಿಯ ಮಾನ ಮಿ.ಮೀ. ಎಂದು ನೀವು ಆರಿಸಿಕೊಂಡಿದ್ದರೂ ಸೂತ್ರದೊಳಗಿನ 36 ಎಂಬುದು 36 ಮಿ.ಮೀ. ಅಲ್ಲ.

ಹತ್ತಿರದಿಂದ ನೋಡೋಣ. ಅಡ್ಡಹಲಗೆಯ ಉದ್ದಕ್ಕೆ ‘=ಪೇರೆಂಟ್!ಲೆನ್‌ಎಕ್ಸ್-36’ ಎಂದು ಬರೆದಿದ್ದೀರಿ. ಕಾಂಪೊನೆಂಟ್ ಸೆಂಟಿಮೀಟರ್ ಲೆಕ್ಕದ್ದಾದರೆ 90ರಿಂದ 36 ಕಳೆದು 54 ಸೆಂ.ಮೀ., ಅಂದರೆ 540 ಮಿ.ಮೀ. ಬರುತ್ತದೆ. ಬೇಕಾದದ್ದು 864. ಇಂಚಿನ ಲೆಕ್ಕದ್ದಾದರೆ 900 ಮಿ.ಮೀ. ಎಂದರೆ ಸುಮಾರು 35.43 ಇಂಚು. ಅದರಲ್ಲಿ 36 ಕಳೆದರೆ ಉತ್ತರ ಸೊನ್ನೆಗಿಂತ ಕೆಳಗೆ, ಉದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ಹಲಗೆ ‘ಮಾಯವಾಯಿತು’ ಎಂಬ ದೂರಿನ ಹಿಂದೆ ಆಗಾಗ ಇರುವುದು ಇದೇ ಲೆಕ್ಕ.

ಪತ್ತೆ ಹಚ್ಚುವ ಬಗೆ ಹೀಗೆ. ಬಂದ ಉದ್ದವನ್ನು ಬೇಕಾದ ಉದ್ದದಿಂದ ಭಾಗಿಸಬೇಡಿ, ಅದರಿಂದ ಏನೂ ತಿಳಿಯುವುದಿಲ್ಲ. ಎಷ್ಟು ಕಳೆದುಹೋಗಿದೆ ಎಂಬುದನ್ನು ಭಾಗಿಸಿ. 900ರಿಂದ 540ಕ್ಕೆ ಇಳಿದಿದೆ, ಅಂದರೆ 360 ಕಳೆದಿದೆ. ಕಳೆಯಬೇಕಾದದ್ದು 36. ಹತ್ತು ಪಟ್ಟು. ಹತ್ತು ಬಂದರೆ ಸೆಂಟಿಮೀಟರಿನ ಗೊಂದಲ, 25.4 ಬಂದರೆ ಇಂಚಿನದು. 2.54 ಬಂದರೆ ಇಂಚಿನ ಕಾಂಪೊನೆಂಟೊಂದರಲ್ಲಿ ಸೆಂಟಿಮೀಟರಿನ ಅಂಕಿ ಕೂತಿದೆ. ಹೊರಗಿನಿಂದ ಇಳಿಸಿಕೊಂಡ ಹಿಡಿಕೆಯನ್ನೋ ಕೀಲನ್ನೋ ನಿಮ್ಮ ಕಪಾಟಿನೊಳಗೆ ಸೇರಿಸಿದಾಗ ಈ ಕೊನೆಯದು ಬರುತ್ತದೆ, ಏಕೆಂದರೆ ಆ ಭಾಗ ತನ್ನ ಹುಟ್ಟೂರಿನ ಮಾನವನ್ನು ಜೊತೆಗೇ ತಂದಿರುತ್ತದೆ. ಹೊರಗಿನದು ಸೆಂಟಿಮೀಟರ್, ಒಳಗಿನದು ಇಂಚು ಎಂಬಂತೆ ಒಂದೇ ಕಪಾಟಿನಲ್ಲಿ ಎರಡು ಮಾನಗಳು ಬೆರೆಯಬಲ್ಲವು. ಅಟ್ರಿಬ್ಯೂಟ್ಸ್ ಕಿಟಕಿಯಲ್ಲಿ ಪ್ರತಿ ಹಂತದ ಮಾನವನ್ನೂ ನೋಡಿ ಒಂದೇ ಮಾಡಿ.

36ನ್ನು 3.6 ಮಾಡಿದರೆ ಈ ಸೂತ್ರ ಸರಿಹೋಗುತ್ತದೆ, ನಿಜ. ಆದರೆ ನಾನು ಅದನ್ನು ಪರಿಹಾರ ಎನ್ನುವುದಿಲ್ಲ. ನಾಳೆ 12 ಮಿ.ಮೀ. ಪ್ಲೈವುಡ್ ಬಳಸಬೇಕಾದರೆ ಎಲ್ಲೆಲ್ಲಿ 1.8 ಮತ್ತು 3.6 ಬರೆದಿದ್ದೇವೆ ಎಂದು ಹುಡುಕುವ ಪಾಡು ಬರುತ್ತದೆ. ಹೊರ ಕಾಂಪೊನೆಂಟಿನಲ್ಲಿ ‘ದಪ್ಪ’ ಎಂಬ ಗುಣವೊಂದನ್ನು ಸೇರಿಸಿ, ಅದರ ಮಾನವನ್ನು ಮಿಲಿಮೀಟರ್ ಎಂದು ಆರಿಸಿ, 18 ಎಂದು ಕೊಡಿ. ಒಳಗೆ ಎಲ್ಲೆಡೆ ‘=ಪೇರೆಂಟ್!ಲೆನ್‌ಎಕ್ಸ್-2*ಪೇರೆಂಟ್!ದಪ್ಪ’ ಎಂದು ಬರೆಯಿರಿ. ಸೂತ್ರದಲ್ಲಿ ಉಳಿಯುವ ಬರಿಯ ಅಂಕಿಗಳು ಎಣಿಕೆಗಳಾಗಿರಬೇಕು, ಉದ್ದಗಳಾಗಿರಬಾರದು. ಮಾನ ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ತಾತ್ಕಾಲಿಕವಾಗಿ ‘ಪರೀಕ್ಷೆ’ ಎಂಬ ಗುಣ ಸೇರಿಸಿ ‘=ದಪ್ಪ*2’ ಎಂದು ಬರೆದು, ಮಿಲಿಮೀಟರಿನಲ್ಲಿ ತೋರಿಸಲು ಹೇಳಿ. 36 ಬಂದರೆ ಮುಂದುವರಿಯಿರಿ.

ಕೋನಗಳ ವಿಷಯದಲ್ಲೂ ಇಂಥದ್ದೇ ಪರೀಕ್ಷೆ ಸಾಕು. ಇಳಿಜಾರು ಹಲಗೆಗೆ ಸೈನ್, ಕಾಸ್ ಬಳಸುತ್ತಿದ್ದರೆ ಮೊದಲು ಒಂದು ಗುಣದಲ್ಲಿ 90ರ ಸೈನ್ ಎಷ್ಟೆಂದು ಕೇಳಿ. 1 ಬಂದರೆ ಲೆಕ್ಕ ಡಿಗ್ರಿಯಲ್ಲಿ ನಡೆಯುತ್ತಿದೆ. 0.89 ಬಂದರೆ ರೇಡಿಯನ್‌ನಲ್ಲಿ.

ನಡುವೆ ಬಂದು ನಿಂತ ಬಲಹಲಗೆ

ಬಲಹಲಗೆಯ ಸ್ಥಾನಕ್ಕೆ ಸೂತ್ರ ‘=ಪೇರೆಂಟ್!ಲೆನ್‌ಎಕ್ಸ್-ಲೆನ್‌ಎಕ್ಸ್’. 900ರಿಂದ 18 ಕಳೆದು 882ರಲ್ಲಿ ನಿಲ್ಲಬೇಕು. ನಿಂತಿರುವುದು 600ರಲ್ಲಿ. 900ಕ್ಕೂ 600ಕ್ಕೂ ಇರುವ ವ್ಯತ್ಯಾಸ 300, ಅದು ಹಲಗೆಯ ಆಳ. ಅಂದರೆ ಹಲಗೆಯ ಸ್ವಂತ ಅಕ್ಷಗಳು ತಿರುಗಿವೆ, ಅದರ ಲೆನ್‌ಎಕ್ಸ್ ಎಂದರೆ ಈಗ ದಪ್ಪವಲ್ಲ, ಆಳ. ಬೇರೆಲ್ಲೋ ಮಲಗಿಸಿ ಎಳೆದ ಹಲಗೆಯನ್ನು ತಿರುಗಿಸಿ ನಿಲ್ಲಿಸಿದಾಗ ಹೀಗಾಗುತ್ತದೆ, ಏಕೆಂದರೆ ಅಳತೆಗಳು ಕಾಂಪೊನೆಂಟಿನ ಸ್ವಂತ ಅಕ್ಷಗಳನ್ನು ಹಿಡಿದು ಬರುತ್ತವೆ, ಸ್ಥಾನಗಳು ಹೊರಗಿನದರ ಅಕ್ಷಗಳನ್ನು ಹಿಡಿದು ಬರುತ್ತವೆ.

ತಪ್ಪಿದ ದೂರವನ್ನು ಹೀಗೆ ಓದುವ ಅಭ್ಯಾಸ ತುಂಬ ಉಪಯೋಗಕ್ಕೆ ಬರುತ್ತದೆ. ಹಲಗೆ ಸರಿಯಾದ ಜಾಗಕ್ಕಿಂತ 18 ಮಿ.ಮೀ. ಎಡಕ್ಕೆ ಸರಿದು ಬಲತುದಿಯಲ್ಲಿ ಒಂದು ದಪ್ಪದಷ್ಟು ಸಂದು ಬಿಟ್ಟಿದ್ದರೆ ಅದರ ಮೂಲಬಿಂದು (ಅಕ್ಷಗಳು ಸೇರುವ ಬಿಂದು) ಎಡ ಅಂಚಿನಲ್ಲಿಲ್ಲ, ಬಲ ಅಂಚಿನಲ್ಲಿದೆ. 9 ಮಿ.ಮೀ. ಸರಿದಿದ್ದರೆ ಮೂಲಬಿಂದು ದಪ್ಪದ ನಡುವಿನಲ್ಲಿದೆ. ಎಡಹಲಗೆಯನ್ನೇ ನಕಲಿಸಿ 180 ಡಿಗ್ರಿ ತಿರುಗಿಸಿ ಬಲಹಲಗೆ ಮಾಡಿದ್ದರೆ ಮೂಲಬಿಂದು ಹಿಂಬದಿಯ ಬಲಮೂಲೆಗೆ ಹೋಗಿರುತ್ತದೆ, ಆಗ ಎಕ್ಸ್ ಮತ್ತು ವೈ ಎರಡೂ ತಪ್ಪುತ್ತವೆ. ತಿರುಗಿಸದೆ ಬರಿದೇ ಸರಿಸಿ ನಕಲಿಸಿದ್ದರೆ ಈ ತೊಂದರೆ ಇರುತ್ತಿರಲಿಲ್ಲ.

ಹಲಗೆಯನ್ನು ಎರಡು ಬಾರಿ ಒತ್ತಿ ಒಳಗೆ ಹೋದರೆ ಅದರ ಸ್ವಂತ ಅಕ್ಷಗಳು ಕಾಣುತ್ತವೆ: ಕೆಂಪು, ಹಸಿರು, ನೀಲಿ. ಮೂಲಬಿಂದು ಎಡ, ಮುಂದಿನ, ಕೆಳಮೂಲೆಯಲ್ಲಿದ್ದು ಕೆಂಪು ಗೆರೆ ಕಪಾಟಿನ ಅಗಲದತ್ತ ಹೋಗುತ್ತಿರಬೇಕು. ಇಲ್ಲದಿದ್ದರೆ ಹೊರಬಂದು ಬಲಗುಂಡಿ ಒತ್ತಿ ‘ಚೇಂಜ್ ಆಕ್ಸಿಸ್’ ಆರಿಸಿ ಸರಿಪಡಿಸಿ. ಅಕ್ಷ ಬದಲಿಸಿದ ತಕ್ಷಣ ಹಳೆಯ ಸೂತ್ರಗಳು ಹೊಸ ಮೂಲಬಿಂದುವನ್ನು ಹಿಡಿದು ಲೆಕ್ಕ ಹಾಕುತ್ತವೆ, ಹಾಗಾಗಿ ಹಲಗೆ ಒಮ್ಮೆ ಜಿಗಿಯುತ್ತದೆ. ಗಾಬರಿಯಾಗಬೇಡಿ, ರಿಡ್ರಾ ಕೊಟ್ಟು ನೋಡಿ. ಬಾಗಿಲಿಗೆ ಮಾತ್ರ ಬೇರೆ ನಿಯಮ: ಅದರ ಮೂಲಬಿಂದು ಕೀಲಿನ ಅಂಚಿನಲ್ಲೇ ಇರಬೇಕು, ಇಲ್ಲದಿದ್ದರೆ ಒತ್ತಿದಾಗ ತೆರೆಯುವ ಬಾಗಿಲು ಕೀಲು ಬಿಟ್ಟು ಗಾಳಿಯಲ್ಲಿ ತಿರುಗುತ್ತದೆ.

ಕಾಣದ ಚಾಚು

ಲೆನ್‌ಎಕ್ಸ್, ಲೆನ್‌ವೈ, ಲೆನ್‌ಝಡ್ ಯಾವುದನ್ನು ಅಳೆಯುತ್ತವೆ? ಕಾಂಪೊನೆಂಟಿನೊಳಗಿರುವ ಎಲ್ಲವನ್ನೂ ಸುತ್ತುವರಿಯುವ ಪೆಟ್ಟಿಗೆಯನ್ನು. ನೀವು ಮನಸ್ಸಿನಲ್ಲಿ ಕಪಾಟು ಎಂದುಕೊಂಡದ್ದನ್ನಲ್ಲ. ಕಪಾಟಿಗೆ ಬಾಗಿಲು ಕೂರಿಸಿ, ಅದರ ಹಿಡಿಕೆ 30 ಮಿ.ಮೀ. ಮುಂದಕ್ಕೆ ಚಾಚಿಕೊಂಡಿದ್ದರೆ ಪೆಟ್ಟಿಗೆಯ ಆಳ 330. ಪಕ್ಕದ ಹಲಗೆಗಳು ‘=ಪೇರೆಂಟ್!ಲೆನ್‌ವೈ’ ಎಂದು ಕೇಳುತ್ತಿದ್ದರೆ ಹಿಡಿಕೆಯ ಚಾಚನ್ನೂ ಸೇರಿಸಿ ಕೇಳುತ್ತಿವೆ. ಹಲಗೆಯ ಅಳತೆ ಪೆಟ್ಟಿಗೆಯನ್ನು ಅವಲಂಬಿಸಿ, ಪೆಟ್ಟಿಗೆ ಒಳಗಿನ ಭಾಗಗಳನ್ನು ಅವಲಂಬಿಸಿದಾಗ ಲೆಕ್ಕ ಒಂದು ಕಡೆ ನೆಲೆ ನಿಲ್ಲುವುದಿಲ್ಲ. ಬೇರೇನನ್ನೂ ಬದಲಿಸದೆ ರಿಡ್ರಾ ಕೊಟ್ಟಾಗಲೆಲ್ಲ ಅಂಕಿ ಬದಲಾಗುತ್ತಿದ್ದರೆ ಇಂಥ ಸುತ್ತು ಇದೆ ಎಂದು ತಿಳಿಯಿರಿ. ಹೊರಗಿನ ಅಗಲವನ್ನು ಒಳಗಿನ ಹಲಗೆಯಿಂದ, ಒಳಗಿನ ಹಲಗೆಯನ್ನು ಹೊರಗಿನ ಅಗಲದಿಂದ ಲೆಕ್ಕ ಹಾಕುವ ನೇರ ಸುತ್ತು ಕೂಡ ಇದೇ ಲಕ್ಷಣ ತೋರಿಸುತ್ತದೆ.

ಚಾಚು ಇರುವ ಕಪಾಟಿಗೆ ಅಗಲ, ಆಳ, ಎತ್ತರ ಎಂಬ ಸ್ವಂತ ಗುಣಗಳನ್ನೇ ಸೇರಿಸಿ, ಒಳಗಿನ ಸೂತ್ರಗಳೆಲ್ಲ ಲೆನ್‌ವೈ ಬದಲು ‘ಪೇರೆಂಟ್!ಆಳ’ವನ್ನು ಕೇಳುವಂತೆ ಮಾಡುವುದು ಒಳ್ಳೆಯದು. ಇದಕ್ಕೆ ತೆರಬೇಕಾದ ಬೆಲೆಯೊಂದಿದೆ. ಸ್ಕೇಲ್ ಉಪಕರಣದಿಂದ ಎಳೆದು ಹಿಗ್ಗಿಸಿದರೆ ಈ ಗುಣಗಳಿಗೆ ಸುದ್ದಿ ಮುಟ್ಟುವುದಿಲ್ಲ, ಅಂಕಿಯನ್ನು ಆಯ್ಕೆಯ ಕಿಟಕಿಯಲ್ಲೇ ಬರೆಯಬೇಕು. ಕಾರ್ಯಾಗಾರಕ್ಕೆ ಹೋಗುವ ಮಾದರಿಗೆ ಅದೇ ವಾಸಿ, ಎಳೆದು ಬಿಟ್ಟ ಕಪಾಟಿನ ಅಗಲ 1203.7 ಆಗಿ ನಿಲ್ಲುವ ಅಪಾಯವೂ ತಪ್ಪುತ್ತದೆ.

ಹಿಡಿಕೆಯೂ ಇಲ್ಲ, ಚಾಚೂ ಇಲ್ಲ, ಆದರೂ ಅಳತೆ ಒಂದೆರಡು ಮಿ.ಮೀ. ಹೆಚ್ಚಿಗೆ ತೋರಿಸುತ್ತಿದೆ ಎಂದರೆ ಒಳಗೆ ಎಲ್ಲೋ ಒಂದು ಬಿಡಿ ಗೆರೆ ಉಳಿದಿದೆ. ಅಡಗಿಸಿದ ಜ್ಯಾಮಿತಿಯನ್ನು ತೋರಿಸುವ ಆಯ್ಕೆ ಚಾಲೂ ಮಾಡಿ, ಕಾಂಪೊನೆಂಟನ್ನು ಆರಿಸಿದಾಗ ಮೂಡುವ ನೀಲಿ ಪೆಟ್ಟಿಗೆ ಎಲ್ಲಿ ಹಲಗೆಯಿಂದ ದೂರ ಸರಿದಿದೆಯೋ ಅಲ್ಲಿ ಹುಡುಕಿ.

ಮೇಲ್ಹಲಗೆಯೊಳಗೆ ಅಡಗಿದ ಐದನೆಯ ಹಲಗೆ

ಈಗ ಆರಂಭದಲ್ಲಿ ಹೇಳಿದ ದುಬಾರಿ ದೋಷಕ್ಕೆ ಬರೋಣ. ನಾಲ್ಕು ಅಡ್ಡಹಲಗೆ ಬೇಕು. ಒಂದು ಹಲಗೆ ಮಾಡಿ, ಅದಕ್ಕೆ ‘ಕಾಪೀಸ್’ ಎಂಬ ಗುಣ ಕೊಟ್ಟು 4 ಎಂದು ಬರೆಯುತ್ತೀರಿ. ಸಮಾನ ಅಂತರದ ಲೆಕ್ಕ ಹೀಗಿದೆ: ಎತ್ತರ 1800ರಲ್ಲಿ ಅಡಿ ಮತ್ತು ಮೇಲ್ಹಲಗೆಗಳ 36 ಕಳೆದರೆ 1764. ನಾಲ್ಕು ಹಲಗೆಗಳ ದಪ್ಪ 72 ಕಳೆದರೆ 1692. ನಾಲ್ಕು ಹಲಗೆ ಎಂದರೆ ಐದು ಖಾನೆ, ಪ್ರತಿ ಖಾನೆಯ ತೆರವು 338.4. ಇದಕ್ಕೆ ಒಂದು ದಪ್ಪ ಸೇರಿಸಿದರೆ ಒಂದು ಹಲಗೆಯ ತಳದಿಂದ ಮುಂದಿನ ಹಲಗೆಯ ತಳಕ್ಕೆ 356.4. ಇದೇ ‘ಅಂತರ’. ಝಡ್ ಸ್ಥಾನಕ್ಕೆ ಸೂತ್ರ ‘=(ಕಾಪಿ+1)*ಅಂತರ’.

‘ಕಾಪಿ’ ಎಂಬುದು ಪ್ರತಿ ನಕಲಿಗೂ ತಂತ್ರಾಂಶ ಕೊಡುವ ಕ್ರಮಸಂಖ್ಯೆ. ಮೂಲ ಹಲಗೆಗೆ ಅದು 0, ಮೊದಲ ನಕಲಿಗೆ 1. ಇನ್ನು ‘ಕಾಪೀಸ್’ ಎಂದರೆ ಒಟ್ಟು ಹಲಗೆಗಳ ಎಣಿಕೆಯಲ್ಲ, ಮೂಲವನ್ನು ಬಿಟ್ಟು ಮಾಡಬೇಕಾದ ನಕಲುಗಳ ಎಣಿಕೆ. 4 ಎಂದು ಬರೆದರೆ ಹಲಗೆಗಳು ಐದಾಗುತ್ತವೆ. ಐದನೆಯದರ ಕ್ರಮಸಂಖ್ಯೆ 4, ಅದರ ಝಡ್ 5 ಸಲ 356.4, ಅಂದರೆ 1782.

1782 ಎಂದರೆ 1800ರಲ್ಲಿ 18 ಕಳೆದದ್ದು. ಮೇಲ್ಹಲಗೆ ಇರುವುದೂ ಸರಿಯಾಗಿ ಅಲ್ಲೇ. ಅದರ ಉದ್ದವೂ 864, ಆಳವೂ 300. ಹೆಚ್ಚುವರಿ ಹಲಗೆ ಮೇಲ್ಹಲಗೆಯೊಳಗೆ ಕೂದಲೆಳೆಯಷ್ಟೂ ಹೊರಗೆ ಕಾಣದಂತೆ ಕೂತುಬಿಡುತ್ತದೆ. ಕಪಾಟು ಪರದೆಯಲ್ಲಿ ಅಚ್ಚುಕಟ್ಟಾಗಿದೆ. ಅಗಲ ಬದಲಿಸಿ, ಎತ್ತರ ಬದಲಿಸಿ, ಆಗಲೂ ಅಚ್ಚುಕಟ್ಟಾಗಿಯೇ ಇರುತ್ತದೆ, ಏಕೆಂದರೆ ಲೆಕ್ಕ ಯಾವ ಎತ್ತರಕ್ಕೂ ಆ ಹಲಗೆಯನ್ನು ಅಲ್ಲಿಗೇ ಒಯ್ಯುತ್ತದೆ. ವರದಿ ತೆಗೆದಾಗ ಮಾತ್ರ 864 × 300ರ ಹಲಗೆ ಒಂದು ಹೆಚ್ಚಿಗೆ ಬರುತ್ತದೆ. ಹತ್ತು ಕಪಾಟುಗಳ ಗ್ರಂಥಾಲಯವಾದರೆ ಹತ್ತು ಹಲಗೆ. ಬಡಗಿ ಪಟ್ಟಿಯನ್ನು ನಂಬಿ ಕತ್ತರಿಸುತ್ತಾನೆ, ನಂಬುವುದು ಅವನ ತಪ್ಪಲ್ಲ.

ಕಣ್ಣಿಗೆ ಸಿಗುವ ಗುರುತು ಒಂದೇ: ಬಣ್ಣ ಬೇರೆ ಬೇರೆ ಇದ್ದರೆ, ಮಾದರಿಯನ್ನು ತಿರುಗಿಸುವಾಗ ಮೇಲ್ಹಲಗೆಯ ಮೈ ಮಿಣುಕುತ್ತದೆ. ಎರಡು ಮುಖಗಳು ಒಂದೇ ಜಾಗದಲ್ಲಿದ್ದಾಗ ಯಾವುದನ್ನು ತೋರಿಸಬೇಕೆಂದು ತಂತ್ರಾಂಶಕ್ಕೆ ತಿಳಿಯದೆ ಆಗುವ ಮಿಣುಕು ಅದು. ಬಣ್ಣ ಒಂದೇ ಇದ್ದರೆ ಅದೂ ಇಲ್ಲ. ಖಚಿತವಾದ ಪರೀಕ್ಷೆ ಎಂದರೆ ಕಾಂಪೊನೆಂಟ್ ತೆರೆದು ಮೇಲ್ಹಲಗೆಯನ್ನು ತಾತ್ಕಾಲಿಕವಾಗಿ ಅಡಗಿಸುವುದು. ಅಲ್ಲಿ ಇನ್ನೊಂದು ಹಲಗೆ ಕಂಡರೆ ಸಿಕ್ಕಿಬಿದ್ದಂತೆ.

ಪರಿಹಾರ: ಹೊರ ಕಾಂಪೊನೆಂಟಿನಲ್ಲಿ ‘ಎಣಿಕೆ’ ಎಂಬ ಗುಣ ಇಟ್ಟು, ಕಾಪೀಸ್‌ನಲ್ಲಿ ‘=ಪೇರೆಂಟ್!ಎಣಿಕೆ-1’ ಎಂದು ಬರೆಯಿರಿ. ಅಂತರದ ಸೂತ್ರದಲ್ಲಿ ಮಾತ್ರ ಖಾನೆಗಳ ಸಂಖ್ಯೆ ‘ಎಣಿಕೆ+1’. ಒಂದು ಕಡೆ ಒಂದು ಕಡಿಮೆ, ಇನ್ನೊಂದು ಕಡೆ ಒಂದು ಹೆಚ್ಚು. ಈ ಎರಡನ್ನು ಅದಲುಬದಲು ಮಾಡುವುದೇ ನಕಲಿಗೆ ಸಂಬಂಧಿಸಿದ ದೋಷಗಳಲ್ಲಿ ಹೆಚ್ಚಿನವುಗಳ ಮೂಲ.

ಚುಟುಕಾಗಿ ಹೇಳಬಹುದಾದವು

ಒಂದೇ ಹೊರ ಕಾಂಪೊನೆಂಟಿನೊಳಗೆ ಎರಡು ಭಾಗಗಳಿಗೆ ಒಂದೇ ಹೆಸರಿದ್ದರೆ, ಹೆಸರು ಹಿಡಿದು ಕೇಳುವ ಸೂತ್ರ ತಪ್ಪು ಭಾಗದ ಅಳತೆ ತರಬಹುದು. ನಕಲಿಸಿದ ಹಲಗೆಗೆ ತಕ್ಷಣ ಹೊಸ ಹೆಸರು ಕೊಡಿ. ಮೂರು ಹಂತಗಳ ಆಳವಿದ್ದರೆ ಅಜ್ಜನ ಅಳತೆಯನ್ನು ಮೊಮ್ಮಗ ನೇರವಾಗಿ ಕೇಳುವುದಕ್ಕಿಂತ ನಡುವಿನ ಕಾಂಪೊನೆಂಟ್ ಅದನ್ನು ತನ್ನ ಗುಣವಾಗಿ ಪಡೆದು ಕೆಳಗೆ ದಾಟಿಸುವುದು ನಂಬಬಹುದಾದ ಕ್ರಮ.

ಬೇರೆಡೆಯಿಂದ ನಕಲಿಸಿ ಅಂಟಿಸಿದ ಸೂತ್ರ ಕೆಲಸ ಮಾಡದಿದ್ದರೆ ಉದ್ಧರಣ ಚಿಹ್ನೆಗಳನ್ನು ನೋಡಿ. ಬಾಗಿದ ಚಿಹ್ನೆಗಳನ್ನು ಅಳಿಸಿ ಕೀಲಿಮಣೆಯಿಂದ ನೆಟ್ಟಗಿನವನ್ನೇ ಟೈಪ್ ಮಾಡಿ. ಪಟ್ಟಿಯಿಂದ ಆರಿಸುವ ಗುಣಗಳಲ್ಲಿ ಬಳಕೆದಾರರಿಗೆ ಕಾಣುವ ಹೆಸರು ಬೇರೆ, ಅದರ ಹಿಂದಿನ ಮೌಲ್ಯ ಬೇರೆ. ಇಫ್ ಸೂತ್ರ ಹೋಲಿಸುವುದು ಮೌಲ್ಯವನ್ನು.

ಮೆಟೀರಿಯಲ್ ಗುಣ ಬದಲಿಸಿದರೂ ಬಣ್ಣ ಬದಲಾಗದಿದ್ದರೆ ಹಲಗೆಯ ಮುಖಗಳಿಗೆ ಒಳಗೆ ಹೋಗಿ ನೇರವಾಗಿ ಬಣ್ಣ ಬಳಿದಿದ್ದೀರಿ ಎಂದರ್ಥ. ಒಳಗಿನ ಮುಖಗಳು ಪೂರ್ವನಿಯೋಜಿತ ಬಣ್ಣದಲ್ಲೇ ಇದ್ದರೆ ಮಾತ್ರ ಹೊರಗಿನ ಬಣ್ಣ ಅವುಗಳಿಗೆ ಇಳಿಯುತ್ತದೆ.

ಒಂದನ್ನು ತಿದ್ದಿದೆ, ಉಳಿದವು ಹಾಗೇ ಇವೆ

ಸಾಮಾನ್ಯ ಕಾಂಪೊನೆಂಟಿನಲ್ಲಿ ಒಂದನ್ನು ತಿದ್ದಿದರೆ ಎಲ್ಲವೂ ಬದಲಾಗುತ್ತವೆ. ಡೈನಾಮಿಕ್ ಕಾಂಪೊನೆಂಟಿನಲ್ಲಿ ಈ ಭರವಸೆ ಇಟ್ಟುಕೊಳ್ಳುವಂತಿಲ್ಲ. ಎರಡು ಕಪಾಟುಗಳ ಅಳತೆ ಬೇರೆಯಾದ ಕ್ಷಣ ತಂತ್ರಾಂಶ ಅವುಗಳಿಗೆ ಬೇರೆ ಬೇರೆ ವ್ಯಾಖ್ಯೆಗಳನ್ನು (ಡೆಫಿನಿಷನ್) ಸೃಷ್ಟಿಸುತ್ತದೆ, ಹೆಸರಿನ ಕೊನೆಗೆ ಸಂಖ್ಯೆಯೊಂದು ಅಂಟಿಕೊಳ್ಳುತ್ತದೆ. 900ರ ಕಪಾಟಿನ ಸೂತ್ರ ತಿದ್ದಿದರೆ 1200ರದು ಹಳೆಯ ತಪ್ಪನ್ನೇ ಹೊತ್ತುಕೊಂಡಿರುತ್ತದೆ. ಮಾದರಿಯ ಗಾತ್ರ ಕಾರಣವಿಲ್ಲದೆ ಬೆಳೆಯುವುದಕ್ಕೂ ಇದೇ ಮೂಲ, ಬಳಕೆಯಲ್ಲಿಲ್ಲದ ವ್ಯಾಖ್ಯೆಗಳನ್ನು ಆಗಾಗ ‘ಪರ್ಜ್’ ಆಜ್ಞೆಯಿಂದ ತೆಗೆದುಹಾಕಿ.

ಹಾಗಾಗಿ ಮೂಲ ಕಪಾಟನ್ನು ಪ್ರತ್ಯೇಕ ಫೈಲಿನಲ್ಲಿ ಇಟ್ಟುಕೊಳ್ಳಿ, ದೋಷವನ್ನು ಅಲ್ಲಿ ತಿದ್ದಿ, ನಂತರ ಮಾದರಿಯಲ್ಲಿರುವ ಪ್ರತಿ ವ್ಯಾಖ್ಯೆಯನ್ನೂ ‘ರಿಲೋಡ್’ ಆಜ್ಞೆಯಿಂದ ಹೊಸದಕ್ಕೆ ಬದಲಿಸಿ, ಅಳತೆಗಳನ್ನು ಮತ್ತೆ ಕೊಟ್ಟು ರಿಡ್ರಾ ಮಾಡಿ. ಬೇಸರದ ಕೆಲಸ ಹೌದು. ಆದರೆ ಎಂಟು ಕಪಾಟುಗಳಲ್ಲಿ ಏಳನ್ನು ತಿದ್ದಿ ಒಂದನ್ನು ಮರೆತ ಮಾದರಿಗಿಂತ, ಎಲ್ಲವೂ ಒಂದೇ ರೀತಿ ತಪ್ಪಿರುವ ಮಾದರಿಯೇ ಮೇಲು. ಅದರಲ್ಲಿ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ.

ತಿದ್ದಿದ ಮೇಲೆ ಪರೀಕ್ಷೆಗೆ 900, 1200ರಂಥ ದುಂಡು ಅಂಕಿಗಳನ್ನು ಕೊಡಬೇಡಿ. 937 ಅಗಲ, 1811 ಎತ್ತರ ಕೊಟ್ಟು ಅಡ್ಡಹಲಗೆಯ ಉದ್ದ 901 ಬರುತ್ತದೆಯೇ ನೋಡಿ. ದಪ್ಪವನ್ನು 12ಕ್ಕೆ ಇಳಿಸಿ, ಎಲ್ಲಾದರೂ ಸಂದು ಬಿಟ್ಟಿದ್ದರೆ ಅಲ್ಲಿ ಇನ್ನೂ 18 ಎಂಬ ಬರಿಯ ಅಂಕಿ ಉಳಿದಿದೆ. ಎಣಿಕೆಯನ್ನು 1 ಮಾಡಿ, ಆಮೇಲೆ 0 ಮಾಡಿ. 0 ಕೊಟ್ಟಾಗ ಹಲವು ಕಪಾಟುಗಳು ಎಡವುತ್ತವೆ: ನಕಲುಗಳೆಲ್ಲ ಹೋದರೂ ಮೂಲ ಹಲಗೆ ಉಳಿದೇ ಉಳಿಯುತ್ತದೆ, ಏಕೆಂದರೆ ಕಾಪೀಸ್ ಗುಣಕ್ಕೆ ಮೂಲವನ್ನು ಅಳಿಸುವ ಅಧಿಕಾರವಿಲ್ಲ. ಕಾಪೀಸ್‌ನ ಸೂತ್ರವನ್ನು ‘=ಇಫ್(ಪೇರೆಂಟ್!ಎಣಿಕೆ<1,0,ಪೇರೆಂಟ್!ಎಣಿಕೆ-1)’ ಎಂದು ಬದಲಿಸಿ, ಅಡ್ಡಹಲಗೆಗೆ ‘ಹಿಡನ್’ ಎಂಬ ಗುಣ ಸೇರಿಸಿ ‘=ಇಫ್(ಪೇರೆಂಟ್!ಎಣಿಕೆ<1,ಟ್ರೂ,ಫಾಲ್ಸ್)’ ಎಂದು ಬರೆಯಿರಿ. ಹೀಗೆ ಅಡಗಿಸಿದ ಹಲಗೆ ಮಾದರಿಯಲ್ಲಿ ಇನ್ನೂ ಇದೆ ಎಂಬುದು ನೆನಪಿರಲಿ: ಅಡ್ಡಹಲಗೆಯೇ ಇಲ್ಲದ ಕಪಾಟಿನ ಕಟಿಂಗ್ ಪಟ್ಟಿಯನ್ನು ಕಾರ್ಯಾಗಾರಕ್ಕೆ ಕಳುಹಿಸುವ ಮುನ್ನ, 864 × 300ರ ಸಾಲಿನಲ್ಲಿ ಅಡಿಹಲಗೆ, ಮೇಲ್ಹಲಗೆ ಎರಡೇ ಇವೆಯೇ ಎಂದು ಎಣಿಸಿ ನೋಡಿ.